ದಿನಸಿ ಚೀಟಿಯ ಕೊನೇ ಸಾಲು

ತಿಲಕ್ ನಗರದ ಮುಖ್ಯರಸ್ತೆಯಲ್ಲಿ ಯಾವ ದಿನಸಿ ಅಂಗಡಿ ಮುಂದೆ ನಿಂತರೂ ತಲೆಗೆ ತಾಗುವಂತೆ ಪ್ಯಾಕೆಟ್ಟುಗಳ ಸರ ತೂಗುತ್ತಿರುತ್ತದೆ. ಶಾಂಪೂ, ಕಾಫಿಪುಡಿ, ಪಾನ್ ಮಸಾಲಾ, ಇವುಗಳ ಮಧ್ಯೆ ಹೇರ್ ಡೈ. ಸಕ್ಕರೆ, ತೊಗರಿಬೇಳೆ, ಬಟ್ಟೆ ಸೋಪು ಎಲ್ಲ ಕಟ್ಟಿಸಿಕೊಂಡು ಚಿಲ್ಲರೆ ಎಣಿಸುವ ಹೊತ್ತಿಗೆ, ನಲವತ್ತೈದು ದಾಟಿದ ಹೆಂಗಸು ಅಂಗಡಿಯವನ ಮುಖ ನೋಡದೆ ‘ಅದೊಂದು ಹರ್ಕೊಡಿ’ ಎನ್ನುತ್ತಾಳೆ. ಹೆಸರು ಹೇಳಬೇಕಿಲ್ಲ, ಬೆರಳು ತೋರಿದರೆ ಸಾಕು. ಮೂವತ್ತೋ ನಲವತ್ತೋ ರೂಪಾಯಿ. ಮನೆಯಲ್ಲಿ ಲೆಕ್ಕ ಒಪ್ಪಿಸುವಾಗ ಅದು ಸೋಪಿನ ಜೊತೆ ಸೇರಿಹೋಗಿರುತ್ತದೆ.

ನಡುವಯಸ್ಸಿನ ಹೆಂಗಸರು ತಮ್ಮ ರೂಪಕ್ಕೆ ಮಾಡುವ ಖರ್ಚಿನ ಬಗ್ಗೆ ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕೇ ಇದು. ಆ ಖರ್ಚು ಯಾವ ಪುಸ್ತಕದಲ್ಲೂ ತನ್ನ ಹೆಸರಿನಲ್ಲಿ ಇಲ್ಲ. ಮನೆಯ ಪುಸ್ತಕದಲ್ಲಿ ಇಲ್ಲದ್ದು ಸರ್ಕಾರದ ಪುಸ್ತಕದಲ್ಲೂ ಇಲ್ಲ. 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರ ಭಾರತದ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ಖರ್ಚು 6,996 ರೂಪಾಯಿ. ಅದರಲ್ಲಿ ಸೋಪು, ಎಣ್ಣೆ, ಪೌಡರಿಗೆ ಒಂದು ತಲೆಬರಹವಿದೆ. ಸೇವೆಗಳ ಪಟ್ಟಿಯಲ್ಲಿ ‘ಕ್ಷೌರಿಕ, ಬ್ಯೂಟಿಷಿಯನ್ ಇತ್ಯಾದಿ’ ಎಂಬ ಒಂದು ಸಾಲಿದೆ. ಗಂಡನ ಕಟಿಂಗು, ಮಗನ ಗಡ್ಡ, ಹೆಂಡತಿಯ ಹುಬ್ಬು ಎಲ್ಲವೂ ಆ ಒಂದೇ ಸಾಲಿನಲ್ಲಿ. ಸಮೀಕ್ಷೆ ಕುಟುಂಬವನ್ನು ಕೇಳುತ್ತದೆ, ಹೆಂಗಸನ್ನು ಬೇರೆಯಾಗಿ ಕೇಳುವುದಿಲ್ಲ.

ಜಯನಗರದ ನಾಲ್ಕನೇ ಬ್ಲಾಕಿಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಸಿಕ್ಕಿಕೊಂಡ ಬಡಾವಣೆ ತಿಲಕ್ ನಗರ. ಇಕ್ಕಟ್ಟಿನ ಗಲ್ಲಿಗಳಲ್ಲಿ ದಖ್ಖನಿ, ತಮಿಳು, ಕನ್ನಡ ಒಂದರ ಮೇಲೊಂದು ಕೇಳಿಸುತ್ತವೆ. ಹತ್ತು ನಿಮಿಷ ಪಶ್ಚಿಮಕ್ಕೆ ನಡೆದರೆ 1948ರಲ್ಲಿ ಅಡಿಗಲ್ಲು ಬಿದ್ದ, ಮರಗಳ ನೆರಳಿನ ಜಯನಗರ. ಇಲ್ಲಿನ ಹೆಂಗಸರು ಬೆಳಿಗ್ಗೆ ಅಲ್ಲಿಗೆ ಹೋಗುತ್ತಾರೆ: ಮನೆಗೆಲಸಕ್ಕೆ, ಸೀರೆ ಅಂಗಡಿಗೆ, ನರ್ಸಿಂಗ್ ಹೋಮಿನ ಆಯಾ ಕೆಲಸಕ್ಕೆ, ಪುಟ್ಟ ಕಾನ್ವೆಂಟುಗಳಲ್ಲಿ ಪಾಠ ಹೇಳುವುದಕ್ಕೆ. ಸಂಜೆ ವಾಪಸು ಬರುತ್ತಾರೆ. ಒಂದೇ ವಯಸ್ಸಿನ ಇಬ್ಬರು ಹೆಂಗಸರು ಒಂದೇ ಬಿಳಿಕೂದಲಿಗೆ ಎಷ್ಟೆಷ್ಟು ತೆರುತ್ತಾರೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ದಕ್ಷಿಣ ಬೆಂಗಳೂರಿನಲ್ಲಿ ಸಿಗಲಾರದು.

ಲೆಕ್ಕ ಹಾಕೋಣ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರು ಬೆಳೆಯುತ್ತದೆ. ಅಂದರೆ ಮೂರು ವಾರಕ್ಕೆ ಬೈತಲೆಯಲ್ಲಿ ಬಿಳಿಗೆರೆ ಕಾಣುತ್ತದೆ. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿನೇಳು ಸಲ. ಜಡೆ ಉದ್ದವಿದ್ದರೆ ಎರಡು ಪ್ಯಾಕೆಟ್ಟು ಬೇಕು. ನಲವತ್ತರಂತೆ ಹಿಡಿದರೆ 1,360 ರೂಪಾಯಿ. ಹುಬ್ಬು ಮತ್ತು ಮೇಲ್ದುಟಿಗೆ ತಿಂಗಳಿಗೆ ನೂರು, ವರ್ಷಕ್ಕೆ 1,200. ಮದುವೆ, ನಾಮಕರಣ, ಹಬ್ಬ ಎಂದು ವರ್ಷಕ್ಕೆ ಮೂರು ಫೇಷಿಯಲ್, ಒಂದಕ್ಕೆ 800 ಎಂದರೂ 2,400. ಒಟ್ಟು 4,960. ತಿಂಗಳಿಗೆ ಹದಿನೈದು ಸಾವಿರ ಸಂಪಾದಿಸುವವಳ ಒಂದು ತಿಂಗಳ ಸಂಬಳದಲ್ಲಿ ಮೂರನೇ ಒಂದು ಪಾಲು. ಇದು ನನ್ನ ಅಂದಾಜು, ಆದರೆ ಕೈಬಿಗಿ ಹಿಡಿದೇ ಹಾಕಿದ ಅಂದಾಜು. ಅದೇ ಹೊತ್ತಿಗೆ ಜಯನಗರದ ಹನ್ನೊಂದನೇ ಮೇನಿನ ಏಸಿ ಸಲೂನಿನಲ್ಲಿ ಬುಡಕ್ಕೆ ಬಣ್ಣ ಹಚ್ಚಿಸುವ ‘ರೂಟ್ ಟಚ್ ಅಪ್’ ಒಂದಕ್ಕೇ ತಿಂಗಳಿಗೊಮ್ಮೆ ಸಾವಿರದೈನೂರು ಬಿಚ್ಚಿದರೆ ಅದಷ್ಟೇ ವರ್ಷಕ್ಕೆ 18,000. ಅಲ್ಲಿಗೆ ಹೋಗುವವಳಿಗೆ ಅದು ಒಂದು ತಿಂಗಳ ಸಂಬಳದ ಮೂರನೇ ಒಂದು ಪಾಲು ಆಗಲಾರದು.

ಕೂದಲಿಗೆ ಬಣ್ಣ ಹಚ್ಚುವುದು ಬಾಡಿಗೆ ಮನೆಯ ವ್ಯವಹಾರ. ಒಮ್ಮೆ ಒಳಗೆ ಕಾಲಿಟ್ಟರೆ ತಿಂಗಳು ತಿಂಗಳು ಕಟ್ಟುತ್ತಲೇ ಇರಬೇಕು, ಎಷ್ಟು ಕಟ್ಟಿದರೂ ಸ್ವಂತದ್ದಾಗುವುದಿಲ್ಲ. ಬಿಡುತ್ತೇನೆ ಎಂದರೆ ತಿಂಗಳುಗಟ್ಟಲೆ ಅರ್ಧ ಕಪ್ಪು ಅರ್ಧ ಬಿಳಿ ತಲೆಯಲ್ಲಿ ಓಡಾಡುವ ಧೈರ್ಯ ಬೇಕು. ಸಿನಿಮಾದವರು, ಲೇಖಕಿಯರು, ದೊಡ್ಡ ಹುದ್ದೆಯವರು ನರೆಗೂದಲನ್ನು ಹಾಗೆಯೇ ಬಿಟ್ಟು ಫೋಟೊ ಹಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ತಟ್ಟಬೇಕಾದದ್ದೇ. ಆದರೆ ಮನೆಗೆಲಸ ಕೇಳಿಕೊಂಡು ಹೊಸ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತವಳಿಗೆ ಬಿಳಿಕೂದಲು ಬೇರೆಯದೇ ಮಾತಾಡುತ್ತದೆ. ‘ವಯಸ್ಸಾಗಿದೆಯಲ್ಲಮ್ಮ, ಬಗ್ಗಿ ಒರೆಸೋಕಾಗುತ್ತಾ?’ ಎಂಬ ಪ್ರಶ್ನೆ ಹೊಸ್ತಿಲಲ್ಲೇ ಬರುತ್ತದೆ. ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಗಳ ಗಾಜಿಗೆ ಅಂಟಿಸಿದ ‘ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ’ ಚೀಟಿಯಲ್ಲಿ ವಯಸ್ಸಿನ ಮಿತಿ ಬರೆದಿರುತ್ತದೆ, ಬರೆಯದಿದ್ದರೂ ಇರುತ್ತದೆ. ಅಲ್ಲಿಗೆ ನಲವತ್ತು ರೂಪಾಯಿಯ ಪ್ಯಾಕೆಟ್ಟು ಒಂದು ಕಾಲದ ಬಸ್ ಪಾಸಿನ ಹಾಗೆ ಕೆಲಸದ ಖರ್ಚು. ಅದನ್ನು ಶೋಕಿ ಎಂದು ಕರೆಯುವವರು ಯಾರು ಎಂದು ನೋಡಿದರೆ, ಸಾಮಾನ್ಯವಾಗಿ ಆ ಸಂಬಳದಲ್ಲಿ ಊಟ ಮಾಡುವವರೇ ಆಗಿರುತ್ತಾರೆ.

ತಿಲಕ್ ನಗರದ ಮುಸ್ಲಿಂ ಮನೆಗಳಲ್ಲಿ ಇನ್ನೊಂದು ಎಳೆ ಇದೆ. ನರೆಗೆ ಬಣ್ಣ ಹಚ್ಚುವುದು ಸರಿ, ಅಚ್ಚ ಕಪ್ಪು ಬೇಡ ಎಂಬ ಧಾರ್ಮಿಕ ಅಭಿಪ್ರಾಯವನ್ನು ಅನೇಕರು ಪಾಲಿಸುತ್ತಾರೆ. ಹಾಗಾಗಿ ಮದರಂಗಿಗೆ ಇಲ್ಲಿ ಕೈಗಿಂತ ತಲೆಯಲ್ಲಿ ಹೆಚ್ಚು ಕೆಲಸ. ಶುದ್ಧ ಮದರಂಗಿ ಸೊಪ್ಪಿನ ಪುಡಿ, ಅದರಲ್ಲೂ ರಾಜಸ್ಥಾನದ ಸೋಜತ್‌ನದು, ಬಿಳಿಕೂದಲಿಗೆ ಕೊಡುವುದು ಕಿತ್ತಳೆಗೆಂಪು. ಕಪ್ಪು ಕೊಡುವ ‘ಕಾಲಿ ಮೆಹಂದಿ’ ಎಂದರೆ ಅದರೊಳಗೆ ಬೇರೇನೋ ಇದೆ ಎಂದರ್ಥ. ಬಹಳ ಸಲ ಆ ಬೇರೇನೋ ಪ್ಯಾರಾ-ಫಿನೈಲೀನ್‌ಡಯಮೈನ್, ಅಂದರೆ ಪಿಪಿಡಿ. ಹೇರ್ ಡೈಗಳ ಕಪ್ಪಿಗೆ ಮೂಲವೂ ಅದೇ. ಹಣೆಯಂಚಿನ ತುರಿಕೆ, ಕಿವಿಯ ಹಿಂದೆ ಸೋರುವ ನೀರು, ಬೆಳಿಗ್ಗೆ ಎದ್ದಾಗ ಊದಿಕೊಂಡ ರೆಪ್ಪೆ: ಚರ್ಮದ ವೈದ್ಯರಿಗೆ ಇವು ಪಿಪಿಡಿ ಅಲರ್ಜಿಯ ಗುರುತುಗಳು. ಹಚ್ಚುವ 48 ಗಂಟೆ ಮೊದಲು ಒಂದು ಚೂರು ಹಚ್ಚಿ ಪರೀಕ್ಷಿಸಿ ಎಂದು ಪ್ಯಾಕೆಟ್ಟಿನ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿರುತ್ತದೆ. ಓದಲು ಕನ್ನಡಕ ಬೇಕಾಗುವ ವಯಸ್ಸಿನವರಿಗೆ ಮಾರುವ ವಸ್ತುವಿನ ಮೇಲೆ ಅಷ್ಟು ಸಣ್ಣ ಅಕ್ಷರ! ಅಲರ್ಜಿ ವರ್ಷಗಟ್ಟಲೆ ಹಚ್ಚಿದ ಮೇಲೂ ಒಂದು ದಿನ ಹಠಾತ್ತನೆ ಶುರುವಾಗಬಹುದು. ‘ಇಷ್ಟು ದಿನ ಏನೂ ಆಗಿರಲಿಲ್ಲ’ ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ನರೆಗೂದಲಾದರೂ ಬೇಕು, ಬಂಗು ಬೇಡ. ಕೆನ್ನೆ, ಹಣೆ, ಮೂಗಿನ ಮೇಲೆ ಕಂದುಬಣ್ಣದ ಚಿಟ್ಟೆ ಕೂತಂತೆ ಬರುವ ಈ ಕಲೆಗೆ ಬಿಸಿಲು, ಬಸಿರು, ಹಾರ್ಮೋನು, ಮನೆತನ ಎಲ್ಲವೂ ಕಾರಣ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ನಲವತ್ತಾರು, ನಲವತ್ತೇಳರ ಆಸುಪಾಸು, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮುಂಚೆ. ಅದಾದ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜೆನ್ ಸುಮಾರು ಶೇ 30ರಷ್ಟು ಕಳೆದುಹೋಗುತ್ತದೆ. ಮಗನ ಕಾಲೇಜು ಫೀಸು, ಅತ್ತೆಯ ಮಂಡಿನೋವು, ತನ್ನ ಥೈರಾಯ್ಡ್ ಗುಳಿಗೆ ಎಲ್ಲ ಒಟ್ಟಿಗೆ ಬರುವ ಕಾಲಕ್ಕೇ ಮುಖವೂ ಬದಲಾಗುತ್ತದೆ.

ಬಂಗಿಗೆ ಏನು ಹಚ್ಚುತ್ತೀರಿ ಎಂದು ಕೇಳಿದರೆ ಬರುವ ಉತ್ತರ ಒಂದು ಕ್ರೀಮಿನ ಹೆಸರು. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಪಕ್ಕದ ಮನೆಯವಳು ಹಚ್ಚಿ ಬೆಳ್ಳಗಾದಳು. ಆ ಟ್ಯೂಬುಗಳಲ್ಲಿ ಬಹಳಷ್ಟು ಮೂರು ಔಷಧಗಳ ಬೆರಕೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟಿರಾಯ್ಡು. ವೈದ್ಯರು ಬಂಗಿಗೆ ಕೆಲವು ವಾರಗಳ ಮಟ್ಟಿಗೆ, ಕಣ್ಣಿಟ್ಟು ಕೊಡುವ ಔಷಧ ಅದು. ಜನ ಅದನ್ನು ಸ್ನೋ ಹಚ್ಚಿದಂತೆ ವರ್ಷಗಟ್ಟಲೆ ಹಚ್ಚುತ್ತಾರೆ. ಮೊದಲ ತಿಂಗಳು ಮುಖ ಗಾಜಿನಂತೆ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರದ ಗೆರೆಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ. ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಕೌಂಟರಿನಲ್ಲಿ ಚೀಟಿ ಕೇಳುವವರು ಎಷ್ಟು ಜನ ಎಂಬುದನ್ನು ಓದುಗರೇ ತಮ್ಮ ಬೀದಿಯಲ್ಲಿ ಕೇಳಿ ನೋಡಬಹುದು.

ಇದಕ್ಕಿಂತ ಕೆಟ್ಟದ್ದು ಲೇಬಲ್ಲೇ ಸರಿಯಿಲ್ಲದ ಡಬ್ಬಿಗಳು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದ ರೋಗಿಗಳನ್ನು ವೈದ್ಯರು ಕೆದಕಿ ಕೇಳಿದಾಗ ಹೊರಬಿದ್ದದ್ದು ಬಿಳಿ ಮಾಡುವ ಕ್ರೀಮು, ಅದರೊಳಗಿನ ಪಾದರಸ. ಆ ವರ್ಷವೇ ಕೇರಳ ಸರ್ಕಾರ ‘ಆಪರೇಷನ್ ಸೌಂದರ್ಯ’ ಎಂದು ಅಂಗಡಿಗಳ ತಪಾಸಣೆಗೆ ಇಳಿಯಿತು. ಮದುವೆ ಮನೆಯಲ್ಲಿ ‘ಗಲ್ಫಿಂದ ತರ್ಸಿದ್ದು’ ಎಂದು ಕೈಯಿಂದ ಕೈಗೆ ದಾಟುವ, ಊರು ವಿಳಾಸ ಇಲ್ಲದ ಡಬ್ಬಿ ಎಲ್ಲಿ ಕಂಡರೂ ಅನುಮಾನಪಡುವುದು ಒಳ್ಳೆಯದು.

ಈಗ ಐವತ್ತು ಮುಟ್ಟಿದ ಹೆಂಗಸು ಫೇರ್ ಅಂಡ್ ಲವ್ಲಿಯ ಓರಗೆಯವಳು. ಅದು ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಹೆಣ್ಣು ನೋಡಲು ಬರುವವರ ಮುಂದೆ ಬೆಳ್ಳಗಿರಬೇಕು, ಕೆಲಸ ಸಿಗಲು ಬೆಳ್ಳಗಿರಬೇಕು ಎಂಬ ಜಾಹೀರಾತು ನೋಡುತ್ತಲೇ ಬೆಳೆದ ತಲೆಮಾರು. 2020ರಲ್ಲಿ ಕಂಪನಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಎಂದಿಟ್ಟಿತು. ನಲವತ್ತೈದು ವರ್ಷ ಕೇಳಿಸಿಕೊಂಡವಳ ಕಿವಿಯಿಂದ ಅದನ್ನು ತೆಗೆಯಲು ಯಾರೂ ಬರಲಿಲ್ಲ. ಹೀಗಾಗಿ ಬಂಗು ಬಂದಾಗ ಅವಳಿಗೆ ಅದು ರೋಗವಾಗಿ ಕಾಣದೆ ತನ್ನ ಕೊರತೆಯಾಗಿ ಕಾಣುತ್ತದೆ. ರೋಗವಾದರೆ ಡಾಕ್ಟರ ಹತ್ತಿರ ಹೋಗಬಹುದು, ಮನೆಯಲ್ಲಿ ದುಡ್ಡೂ ಕೇಳಬಹುದು. ಕೊರತೆಗೆ ಯಾರ ಹತ್ತಿರ ಕೇಳುವುದು? ಬೆಂಗಳೂರು ವೈದ್ಯಕೀಯ ಕಾಲೇಜಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸೂ ಉಚಿತ. ಆದರೆ ಸಾಲಿನಲ್ಲಿ ನಿಂತರೆ ಅರ್ಧ ದಿನದ ಕೆಲಸ ಹೋಗುತ್ತದೆ, ‘ಮುಖದ ಕಲೆಗೆ ರಜಾನಾ?’ ಎಂಬ ಮಾತೂ ಬರುತ್ತದೆ. ಬಚ್ಚಿಡಬೇಕಾದ ಖರ್ಚು ಯಾವಾಗಲೂ ಅಗ್ಗದ ವಸ್ತುವಿನ ಕಡೆಗೇ ಜಾರುತ್ತದೆ ಎನ್ನುವುದು ನನಗೆ ತಿಲಕ್ ನಗರದ ಓಡಾಟದಲ್ಲಿ ಖಾತ್ರಿಯಾದ ಸಂಗತಿ. ಬಡವಳು ಸೌಂದರ್ಯಕ್ಕೆ ಕಡಿಮೆ ಖರ್ಚು ಮಾಡುತ್ತಾಳೆ ಎಂದುಕೊಳ್ಳುತ್ತೇವೆ. ಅವಳು ದುಡ್ಡು ಕಡಿಮೆ ಕೊಟ್ಟು ಮಿಕ್ಕಿದ್ದನ್ನು ಚರ್ಮದಲ್ಲಿ ಕೊಡುತ್ತಿರುತ್ತಾಳೆ.

ಈ ಖರ್ಚಿನ ಹಣ ಹೋಗುವುದಾದರೂ ಎಲ್ಲಿಗೆ? ಕಂಪನಿಗಳಿಗೆ ಹೋಗುವ ಪಾಲು ಬಿಟ್ಟರೆ, ಬಹುಪಾಲು ಇನ್ನೊಬ್ಬ ನಡುವಯಸ್ಸಿನ ಹೆಂಗಸಿನ ಕೈಗೆ. ತಿಲಕ್ ನಗರದ ಸ್ವಾಗತ್ ರಸ್ತೆಯ ಆಚೀಚೆಯ ಗಲ್ಲಿಗಳಲ್ಲಿ ಮನೆಯ ಮುಂದಿನ ಕೋಣೆಗೇ ಪರದೆ ಕಟ್ಟಿ, ಒಂದು ಕುರ್ಚಿ, ಒಂದು ಕನ್ನಡಿ ಇಟ್ಟು ನಡೆಸುವ ‘ಓನ್ಲಿ ಫಾರ್ ಲೇಡೀಸ್’ ಪಾರ್ಲರುಗಳಿವೆ. ಬುರ್ಖಾ ತೆಗೆದು ನಿರಾಳವಾಗಿ ಕೂರುವುದಕ್ಕೆ ಗಂಡಸಿನ ಸುಳಿವಿಲ್ಲದ ಜಾಗ ಬೇಕು. ಯೂನಿಸೆಕ್ಸ್ ಸಲೂನುಗಳ ಗಾಜಿನ ಬಾಗಿಲು ಅದನ್ನು ಕೊಡುವುದಿಲ್ಲ. ಹಿಂದೆ ದಂಡು ಪ್ರದೇಶದಲ್ಲಿ ಚೀನೀ ಮೂಲದ ಕುಟುಂಬಗಳು ನಡೆಸುತ್ತಿದ್ದ ಪಾರ್ಲರುಗಳಿಗೆ ಹೋಗುವುದೇ ಒಂದು ದೊಡ್ಡಸ್ತಿಕೆಯಾಗಿತ್ತು. ಈಗ ಬ್ಯೂಟಿಷಿಯನ್ ಕೋರ್ಸು ಹೊಲಿಗೆಯಷ್ಟೇ ಸಾಮಾನ್ಯ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆಯಂಥವು ಉಚಿತವಾಗಿ ಇದನ್ನು ಕಲಿಸುತ್ತವೆ. ಗಂಡಸರ ಕ್ಷೌರ ತಲೆತಲಾಂತರದಿಂದ ಒಂದು ಜಾತಿಯ ಹೆಗಲ ಮೇಲಿತ್ತು. ಹೆಂಗಸರ ಪಾರ್ಲರು ಹುಟ್ಟಿದ್ದೇ ಆ ಕಟ್ಟು ಸಡಿಲವಾದ ಮೇಲೆ, ಯಾವ ಜಾತಿಯವಳೂ ದಾರ ಹಿಡಿದು ಹುಬ್ಬು ತಿದ್ದುತ್ತಾಳೆ. ‘ಅಕ್ಕ’, ‘ಆಪಾ’, ‘ಮೇಡಂ’ ಎಂದು ಬಂದವರಿಗೆ ತಕ್ಕಂತೆ ಕರೆಯುತ್ತಾಳೆ. ‘ಆಂಟಿ’ ಎಂದು ಕರೆದವರಿಗೆ ಮರುಗಿರಾಕಿ ಸಿಗುವುದು ಅನುಮಾನ.

ದರ್ಜಿಯ ಅಂಗಡಿಯಲ್ಲಿ ಇದರ ಇನ್ನೊಂದು ಮುಖ. ಸೀರೆಗೆ ಫಾಲ್, ಝಿಗ್‌ಜ್ಯಾಗ್, ಸೆರಗಿಗೆ ಕುಚ್ಚು, ರವಿಕೆಗೆ ಲೈನಿಂಗ್. ಆರಿ ವರ್ಕ್ ಮಾಡಿಸಿದರೆ ಕುಪ್ಪಸದ ಕೂಲಿ ಸೀರೆಯ ಬೆಲೆಯನ್ನೂ ಮೀರಬಹುದು. ಸೊಸೆಯ ಸೀಮಂತಕ್ಕೆ, ಮಗಳ ಮದುವೆಗೆ ತಾಯಿಯ ಕುಪ್ಪಸವೂ ಫೋಟೊದಲ್ಲಿ ಬರುತ್ತದಲ್ಲ. ಅನುಭವಿ ಟೈಲರಮ್ಮ ನಲವತ್ತು ದಾಟಿದವರ ರವಿಕೆಯ ಪಕ್ಕಗಳಲ್ಲಿ ಕೇಳದೆಯೇ ಎರಡು ಹೊಲಿಗೆ ಜಾಸ್ತಿ ಬಟ್ಟೆ ಒಳಗೆ ಬಿಟ್ಟಿರುತ್ತಾಳೆ. ಮುಂದಿನ ವರ್ಷ ಬಿಡಿಸಿಕೊಡಲು ಐವತ್ತು ರೂಪಾಯಿ. ಕುಚ್ಚು ಹಾಕುವವಳು ಮನೆಯಲ್ಲೇ ಟಿ.ವಿ. ಮುಂದೆ ಕೂತು, ಮಂಚದ ಕಾಲಿಗೆ ಸೆರಗು ಕಟ್ಟಿಕೊಂಡು ಗಂಟು ಹಾಕುತ್ತಾಳೆ. ಇನ್ನೂರರಿಂದ ಸಾವಿರದವರೆಗೆ ಗಿರಾಕಿ ಕೊಡುವ ಹಣದಲ್ಲಿ ಮಧ್ಯದ ಅಂಗಡಿಯವರ ಪಾಲು ಕಳೆದು ಅವಳಿಗೆ ಉಳಿಯುವುದೆಷ್ಟು ಎಂಬುದು ಇನ್ನೊಂದು ಲೇಖನದ ವಿಷಯ.

ಉದುರುವ ಕೂದಲಿನದಂತೂ ವಿಚಿತ್ರ ವ್ಯಾಪಾರ. ಮುಟ್ಟು ನಿಲ್ಲುವ ಕಾಲಕ್ಕೆ ನೆತ್ತಿಯ ಕೂದಲು ತೆಳುವಾಗುವುದು ಸಹಜ. ಬಾಚಣಿಗೆಗೆ ಬಂದದ್ದನ್ನು ಉಂಡೆ ಮಾಡಿ ಕವರಿನಲ್ಲಿ ಕೂಡಿಟ್ಟು, ‘ಕೂದ್ಲು... ಪಾತ್ರೆ...’ ಎಂದು ಕೂಗಿಕೊಂಡು ಬರುವವರಿಗೆ ಕೊಟ್ಟರೆ ಒಂದು ಸ್ಟೀಲು ಬಟ್ಟಲು. ಇಂಥ ಉಂಡೆಗಳನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸುವ ಉದ್ಯಮದ ದೊಡ್ಡ ನೆಲೆ ನಮ್ಮದೇ ಕೊಪ್ಪಳದ ಭಾಗ್ಯನಗರ. ಬಿಡಿಸುವ ಕೈಗಳೂ ಹೆಂಗಸರವೇ. ಅಲ್ಲಿಂದ ಅದು ಹೊರದೇಶಗಳಿಗೆ ಹೋಗುತ್ತದೆ, ವಿಗ್ಗು, ಎಕ್ಸ್‌ಟೆನ್ಷನ್ ಆಗುತ್ತದೆ. ತಿರುಮಲದ ಮುಡಿಯ ಹರಾಜಿನಿಂದಲೇ ವರ್ಷಕ್ಕೆ ನೂರು ಕೋಟಿಗೂ ಮೀರಿ ಬರುತ್ತದೆ ಎಂದರೆ ಕೂದಲಿನ ಬೆಲೆ ಅಂದಾಜಾಗಬಹುದು. ಬಟ್ಟಲಿಗೆ ಕೊಟ್ಟವಳು ಮಾತ್ರ ಮದುವೆಗೆ ಹೋಗಲು ಜಡೆಗೆ ಚೌರಿ ಕೊಳ್ಳುತ್ತಾಳೆ, ಇಲ್ಲವೇ ಎಣ್ಣೆ ಹುಡುಕುತ್ತಾಳೆ.

ಎಣ್ಣೆ ಎಂದರೆ ಈಗ ಹುಣಸೂರಿನ ಎಣ್ಣೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ಮಾಡುವ ‘ಆದಿವಾಸಿ ಹೇರ್ ಆಯಿಲ್’ ಇನ್‌ಸ್ಟಾಗ್ರಾಮಿನಲ್ಲಿ ಬಾಲಿವುಡ್ಡಿನವರನ್ನೂ ಅಲ್ಲಿಗೆ ಎಳೆದು ತಂದಿತು. ಬೇಟೆ ನಿಷೇಧವಾದ ಮೇಲೆ ಗಿಡಮೂಲಿಕೆ, ಎಣ್ಣೆ ಮಾರುತ್ತಾ ಆಫ್ರಿಕಾದವರೆಗೂ ಹೋದ ಜನ ಅವರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದಲ್ಲಿ ಸಿಕ್ಕಿಬಿದ್ದು ಸುದ್ದಿಯಾದದ್ದೂ ಅವರೇ. ಅವರ ಉದ್ಯಮಶೀಲತೆಗೆ ನನ್ನ ನಮಸ್ಕಾರವಿದೆ. ಹಾರ್ಮೋನಿನ ಏರುಪೇರಿನಿಂದ ಉದುರಿದ ಕೂದಲನ್ನು ಯಾವ ಎಣ್ಣೆಯೂ ಮರಳಿಸಿದ ಗಟ್ಟಿ ಪುರಾವೆಯಿಲ್ಲ, ಅಷ್ಟೇ. ಗರಗದ ಸೊಪ್ಪು, ದಾಸವಾಳ ಹಾಕಿ ಮನೆಯಲ್ಲಿ ಕಾಯಿಸಿದ ಕೊಬ್ಬರಿ ಎಣ್ಣೆಗೂ ಇದೇ ಮಾತು, ಅದರ ಘಮ ಬೇರೆ ವಿಷಯ. ರಕ್ತದಲ್ಲಿ ಕಬ್ಬಿಣದಂಶ, ಥೈರಾಯ್ಡ್ ನೋಡಿಸಿದರೆ ಎಣ್ಣೆಯ ಬಾಟಲಿಗಿಂತ ಕಡಿಮೆಯಲ್ಲಿ ಮುಗಿಯುವುದೂ ಉಂಟು.

ಜಯನಗರದ ಕಡೆ ದಾಟಿದರೆ ಫಲಕಗಳು ಬದಲಾಗುತ್ತವೆ. ಪಾರ್ಲರ್ ಹೋಗಿ ‘ಸ್ಕಿನ್ ಅಂಡ್ ಹೇರ್ ಕ್ಲಿನಿಕ್’. ಲೇಸರ್, ಪಿಆರ್‌ಪಿ, ಪೀಲ್, ಆರು ಸಿಟ್ಟಿಂಗಿನ ಪ್ಯಾಕೇಜು, ಕಂತಿನ ಸೌಲಭ್ಯ. ಬಾಯಿಬಿಟ್ಟು ಯಾರೂ ಹೇಳದ ಗಲ್ಲದ ಕೂದಲಿಗೆ ಇಲ್ಲಿ ದೊಡ್ಡ ಗಿರಾಕಿ. ಇವುಗಳಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಬಿಳಿಕೋಟಿನ ಸೇಲ್ಸ್‌ನವರೂ ಇದ್ದಾರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇಯಲ್ಲಿ, ನೋಂದಣಿ ಇದೆಯೇ, ಸೂಜಿ ಹಿಡಿಯುವವರು ಯಾರು ಎಂದು ಕೇಳುವುದಕ್ಕೆ ಸಂಕೋಚ ಬೇಡ. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ ಅವರಿಗೆ 21 ವರ್ಷ. ಅದನ್ನು ಆ ವಯಸ್ಸಿನವರ ಹುಚ್ಚು ಎಂದು ತಳ್ಳಿಹಾಕಿದವರ ಮನೆಯಲ್ಲೇ ತಾಯಂದಿರು ಅಂಥದ್ದೇ ಜಾಹೀರಾತಿನ ಫೋನ್ ನಂಬರು ಬರೆದಿಟ್ಟುಕೊಂಡಿರಬಹುದು.

ಇನ್ನು ತೆರಿಗೆ. ಯಾವುದು ಅಗತ್ಯ, ಯಾವುದು ಶೋಕಿ ಎಂದು ಸರ್ಕಾರ ಒಂದು ಪಟ್ಟಿ ಇಟ್ಟಿದೆ. ಕುಂಕುಮ, ಬಿಂದಿ, ಗಾಜಿನ ಬಳೆಗೆ ಜಿಎಸ್‌ಟಿ ಸೊನ್ನೆ, ಮೊದಲಿನಿಂದಲೂ. ಹೇರ್ ಡೈ, ಲಿಪ್‌ಸ್ಟಿಕ್, ಮುಖದ ಕ್ರೀಮು ಶೇ 18. ಗಂಡ ಬದುಕಿರುವ ಗುರುತಿಗೆ ವಿನಾಯಿತಿ, ತಾನು ಬದುಕಿರುವ ಗುರುತಿಗೆ ಸುಂಕ. ಗಂಡ ಹೋದ ಮೇಲೆ ಸೊನ್ನೆ ತೆರಿಗೆಯ ವಸ್ತುಗಳನ್ನೇ ಕಿತ್ತುಕೊಳ್ಳುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ; 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನ ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿದಾಗ ಅದು ದೇಶಕ್ಕೆಲ್ಲ ಸುದ್ದಿಯಾಯಿತು ಎಂಬುದೇ ಇದಕ್ಕೆ ಸಾಕ್ಷಿ. ಐವತ್ತಕ್ಕೆ ವಿಧವೆಯಾದವಳು ಪಾರ್ಲರಿಗೆ ಹೋದರೆ ಬೀದಿಯ ಬಾಯಿ ಸುಮ್ಮನಿರುವುದಿಲ್ಲ. ಮನೆಯೊಡತಿಗೆ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಯಾರೋ ಫೇಷಿಯಲ್ ಮಾಡಿಸಿಕೊಂಡರಂತೆ ಎಂಬ ಜೋಕು ಸುತ್ತುವ ರಾಜ್ಯದಲ್ಲಿ, 2025–26ಕ್ಕೆ ಅಬಕಾರಿಯಿಂದ 40,000 ಕೋಟಿ ಎತ್ತುವ ಗುರಿ ಯಾರಿಗೂ ನಗು ತರಿಸಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸಲೂನು, ಪಾರ್ಲರು ಸೇವೆಗಳ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಪೌಡರೂ ಅಷ್ಟೇ. ಏಸಿ ಸಲೂನಿನ ಬಿಲ್ಲಿನಲ್ಲಿ ಅದು ಕಾಣುತ್ತದೆ. ಪರದೆ ಕಟ್ಟಿದ ಪಾರ್ಲರುಗಳು ವರ್ಷಕ್ಕೆ ಇಪ್ಪತ್ತು ಲಕ್ಷದ ವಹಿವಾಟನ್ನು ಕನಸಿನಲ್ಲೂ ಮುಟ್ಟುವುದಿಲ್ಲ, ಹಾಗಾಗಿ ಅವು ಜಿಎಸ್‌ಟಿಯ ಬಲೆಗೆ ಬೀಳುವುದೇ ಇಲ್ಲ. ಇಲ್ಲದ ತೆರಿಗೆ ಇಳಿಯುವುದು ಹೇಗೆ? ತಿಲಕ್ ನಗರದಲ್ಲಿ ಹುಬ್ಬಿನ ದರ ಅರವತ್ತಿದ್ದದ್ದು ಅರವತ್ತೇ ಇದೆ. ಮನೆ ಮಾಲೀಕರು ಬಾಡಿಗೆ ಏರಿಸಿದರೆ ಎಪ್ಪತ್ತಾಗುತ್ತದೆ.